ಎರಡು ರೆಸಿಸ್ಟರ್, ಒಂದು ನೂಲಿನೆಳೆ

ಸೇಡಂನ ಕೊತ್ತಲ ಬಸವೇಶ್ವರ ಜಾತ್ರೆ ಇರಲಿ, ಚಿತ್ತಾಪುರ ತಾಲ್ಲೂಕಿನ ನಾಲವಾರದ ಕೋರಿಸಿದ್ಧೇಶ್ವರ ಜಾತ್ರೆ ಇರಲಿ, ದೇವಸ್ಥಾನ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುವುದು ಹಾರ್ನ್ ಸ್ಪೀಕರು. ತಗಡಿನ ಬಾಯಿಂದ ಹೊರಡುವ ಆ ದನಿಗೆ ತಳವೇ ಇಲ್ಲ, ಡೋಲಿನ ಗುಮುಗುಮು ಅದರಲ್ಲಿ ಬರುವುದೇ ಇಲ್ಲ. ತುದಿಯ ಝಣಝಣವೂ ಅಷ್ಟಕ್ಕಷ್ಟೆ. ಉಳಿಯುವುದು ನಡುವಿನ ಸ್ವರ ಮಾತ್ರ, ಅದೂ ತುಸು ಹರಿದು, ತುಸು ಒರಟಾಗಿ. ಆದರೂ ಎರಡು ಹೊಲ ದಾಟಿ ಕೂತವನಿಗೆ ಭಜನಿ ಮೇಳದ ಮುಂದಾಳು ಏನು ಹಾಡುತ್ತಿದ್ದಾನೆಂಬುದು ಅಕ್ಷರಅಕ್ಷರ ತಿಳಿಯುತ್ತದೆ. ಮನುಷ್ಯನ ಮಾತಿನ ತಿರುಳು ಇರುವುದೇ ಆ ನಡುವಿನಲ್ಲಿ. ಹಾರ್ನು ಬೇರೆಲ್ಲವನ್ನೂ ಕೈಬಿಟ್ಟು ಅದೊಂದನ್ನೇ ದೂಡುತ್ತದೆ.

ಇದೇ ಕೆಲಸಕ್ಕೆ, ಇದೇ ಒರಟು ದನಿಗೆ, ಜಗತ್ತಿನ ಗಿಟಾರ್ ವಾದಕರು ಕಾಲಡಿಯ ಒಂದು ಡಬ್ಬಿಗೆ ಲಕ್ಷಗಟ್ಟಲೆ ಸುರಿಯುತ್ತಾರೆ. ಡಬ್ಬಿಯ ಹೆಸರು ಡಿಸ್ಟಾರ್ಷನ್ ಪೆಡಲ್. ಅಂಗೈ ಅಗಲ, ಮೇಲೆ ಮೂರು ತಿರುಗಣೆ, ಕಾಲಿನಿಂದ ಒತ್ತುವ ಒಂದು ಸ್ವಿಚ್ಚು, ಒಳಗೆ 9 ವೋಲ್ಟಿನ ಬ್ಯಾಟರಿ. ಎಲೆಕ್ಟ್ರಿಕ್ ಗಿಟಾರಿನ ಸಾಧು ದನಿ ಒಂದು ಕಡೆಯಿಂದ ಒಳಹೊಕ್ಕು ಇನ್ನೊಂದು ಕಡೆಯಿಂದ ಗುಡುಗುತ್ತಾ ಹೊರಬರುತ್ತದೆ. ಸಣ್ಣ ಪ್ರಮಾಣದಲ್ಲಿ, ಕೈಯಿಂದಲೇ ಜೋಡಿಸಿ ಮಾರುವ ಇಂಥ ಪೆಡಲ್‌ಗಳಿಗೆ ‘ಬೊಟಿಕ್’ ಎಂಬ ಬಿರುದು ಬೇರೆ. ಒಂದೇ ಪೆಡಲ್ಲಿನ ಹಳೆಯ ಆವೃತ್ತಿ ಮೇಲೋ ಹೊಸತು ಮೇಲೋ ಎಂಬ ಜಗಳವಂತೂ ದಶಕಗಳಿಂದ ನಡೆದೇ ಇದೆ.

ಮೊದಮೊದಲು ಇದು ಕೆಟ್ಟುಹೋದ ಯಂತ್ರದ ದನಿಯೇ ಆಗಿತ್ತು. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡಿನ ಧ್ವನಿಮುದ್ರಣ ನಡೆದಿದ್ದಾಗ ಮಿಕ್ಸಿಂಗ್ ಮೇಜಿನ ಟ್ರಾನ್ಸ್‌ಫಾರ್ಮರ್ ಕೈಕೊಟ್ಟಿತು. ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರು ಭುಸುಗುಟ್ಟಿತು. ಅಳಿಸಿ ಹೊಸದಾಗಿ ಮುದ್ರಿಸಬಹುದಿತ್ತು, ಹಾಗೇ ಬಿಟ್ಟರು. 1961ರಲ್ಲಿ ಆ ಹಾಡು ಗೆದ್ದ ಮೇಲೆ ಅದೇ ಭುಸುಗು ಬೇಕೆಂದು ಬೇರೆಯವರೂ ಬಂದರು. ಅಷ್ಟರಲ್ಲಿ ಕೆಟ್ಟ ಯಂತ್ರ ಪೂರ್ತಿ ಸತ್ತಿತ್ತು. ಎಂಜಿನಿಯರ್ ಗ್ಲೆನ್ ಸ್ನಾಡಿ ಟ್ರಾನ್ಸಿಸ್ಟರ್ ಕೂರಿಸಿ ಆ ಕೆಡುಕನ್ನು ಬೇಕೆಂದೇ ಹುಟ್ಟಿಸುವ ಸರ್ಕಿಟ್ ಮಾಡಿದರು. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮೇಸ್ಟ್ರೋ ಫಜ್-ಟೋನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಕೊಳ್ಳುವವರು ಹೆಚ್ಚೇನೂ ಇರಲಿಲ್ಲ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿಗೆ ಅದನ್ನು ಬಳಸಿತು ನೋಡಿ, ಅಂಗಡಿಯ ಕಪಾಟು ಖಾಲಿ.

ಒಳಗೆ ನಡೆಯುವುದು ಇಷ್ಟೆ. ತಂತಿಯಿಂದ ಬರುವ ಅಲೆಯನ್ನು ಮೊದಲು ನೂರಾರು ಪಟ್ಟು ಹಿಗ್ಗಿಸುತ್ತಾರೆ. ಆಮೇಲೆ ಡಯೋಡ್ ಅದರ ತಲೆಯನ್ನೂ ಬುಡವನ್ನೂ ಕತ್ತರಿಸುತ್ತದೆ. ಸಿಲಿಕಾನ್ ಡಯೋಡಾದರೆ ಸುಮಾರು 0.6 ವೋಲ್ಟಿಗೆ, ಜರ್ಮೇನಿಯಂ ಆದರೆ ಅದರ ಅರ್ಧಕ್ಕೇ ಕತ್ತರಿ ಬೀಳುತ್ತದೆ. ಗುಂಡಗಿದ್ದ ಅಲೆ ಚಪ್ಪಟೆಯಾದಾಗ ಮೂಲ ಸ್ವರದಲ್ಲಿ ಇಲ್ಲದ ಮೇಲಿನ ಸ್ವರಗಳು ಹುಟ್ಟಿಕೊಳ್ಳುತ್ತವೆ. ಗುಡುಗೆಂದು ಕೇಳುವುದು ಅವೇ. ಎಷ್ಟು ಹಿಗ್ಗಿಸುವುದು, ಎಲ್ಲಿ ಕತ್ತರಿಸುವುದು, ಕತ್ತರಿಸುವ ಮೊದಲು ಯಾವ ಸ್ವರಗಳನ್ನು ತಡೆಯುವುದು ಎಂಬುದರಲ್ಲಿ ಒಂದು ಪೆಡಲ್ಲಿಗೂ ಇನ್ನೊಂದಕ್ಕೂ ವ್ಯತ್ಯಾಸ.

ಇನ್ನು ಆವೃತ್ತಿಗಳ ಜಗಳಕ್ಕೆ ಬರೋಣ. ಅದಕ್ಕೆ ಇಬಾನೆಜ್ ಟ್ಯೂಬ್ ಸ್ಕ್ರೀಮರ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಜಪಾನಿನ ಮ್ಯಾಕ್ಸಾನ್ ತಯಾರಿಸಿದ ಈ ಹಸಿರು ಡಬ್ಬಿಯ ಮೊದಲ ಪ್ರಸಿದ್ಧ ರೂಪ ಟಿಎಸ್-808, 1979ರದು. 1982ರಲ್ಲಿ ಟಿಎಸ್-9 ಬಂತು. ಹೊರನೋಟಕ್ಕೆ ವ್ಯತ್ಯಾಸ ಢಾಳಾಗಿದೆ: 808ರ ಸ್ವಿಚ್ಚು ಚಿಕ್ಕದೊಂದು ಚೌಕ, ಟಿಎಸ್-9ರದು ಡಬ್ಬಿಯ ಮೂರನೇ ಒಂದು ಭಾಗದಷ್ಟು ದೊಡ್ಡದು. ತಲೆಕೆಳಗೆ ಮಾಡಿ ತಗಡು ಬಿಚ್ಚಿ ಸರ್ಕಿಟ್ ಹೋಲಿಸಿದರೆ? ಹೆಚ್ಚುಕಡಿಮೆ ಒಂದೇ. ಬೇರೆಯಾದದ್ದು ಹೊರಗೆ ಹೋಗುವ ದಾರಿಯ ಕೊನೆಯಲ್ಲಿರುವ ಎರಡು ರೆಸಿಸ್ಟರ್. 808ರಲ್ಲಿ 100 ಓಮ್ ಮತ್ತು 10 ಕಿಲೋಓಮ್, ಟಿಎಸ್-9ರಲ್ಲಿ 470 ಓಮ್ ಮತ್ತು 100 ಕಿಲೋಓಮ್. ಅಂಗಡಿಯಲ್ಲಿ ಎರಡು ರೂಪಾಯಿಯ ಸಾಮಾನು.

ಲೆಕ್ಕ ಹಾಕಿ ನೋಡಿದರೆ ಈ ನಾಲ್ಕು ಅಂಕಿಗಳಿಂದ ದನಿಯ ಮಟ್ಟದಲ್ಲಿ ಆಗುವ ವ್ಯತ್ಯಾಸ ಒಂದು ಡೆಸಿಬಲ್‌ನ ಹತ್ತರಲ್ಲೊಂದು ಪಾಲೂ ಅಲ್ಲ. ಮುಂದೆ ಎಂಥ ಆಂಪ್ಲಿಫೈಯರ್ ಇದೆ, ಕೇಬಲ್ ಎಷ್ಟು ಉದ್ದ ಎಂಬುದರ ಮೇಲೆ ಅದು ಒಂದಿಷ್ಟು ಅತ್ತಿತ್ತ ಆಗಬಹುದು. ಇದರ ಪಕ್ಕಕ್ಕೆ ಇನ್ನೊಂದು ಅಂಕಿ ಇಟ್ಟು ನೋಡಿ. ಅದೇ ಪೆಡಲ್ಲಿನ ‘ಡ್ರೈವ್’ ತಿರುಗಣೆಯ ಕೆಳಗಿರುವುದು 500 ಕಿಲೋಓಮ್‌ನ ಪೊಟೆನ್ಷಿಯೋಮೀಟರ್. ಅಂಥವು ಕಾರ್ಖಾನೆಯಿಂದ ಬರುವಾಗಲೇ 20% ಹೆಚ್ಚೂಕಡಿಮೆ ಇರುತ್ತವೆ. ಅಂದರೆ ಒಂದೇ ದಿನ, ಒಂದೇ ಮೇಜಿನ ಮೇಲೆ ಜೋಡಿಸಿದ ಎರಡು 808ಗಳ ನಡುವಿನ ಅಂತರವೇ 808ಕ್ಕೂ ಟಿಎಸ್-9ಕ್ಕೂ ಇರುವ ಅಂತರಕ್ಕಿಂತ ದೊಡ್ಡದಾಗಬಹುದು. ಆದರೂ ಟಿಎಸ್-9 ತಂದುಕೊಟ್ಟರೆ ಆ ಎರಡು ರೆಸಿಸ್ಟರ್ ಬದಲಿಸಿ ‘808 ಮಾಡಿಕೊಡುವ’ ಧಂದೆಯ ಮೇಲೆಯೇ ಅಮೆರಿಕದಲ್ಲಿ ಹೆಸರು ಮಾಡಿದ ಬೊಟಿಕ್ ಕುಶಲಕರ್ಮಿಗಳಿದ್ದಾರೆ.

ಈ ಪೆಡಲ್ಲಿನ ಚಿಪ್‌ಗಂತೂ ಒಂದು ಪುರಾಣವೇ ಇದೆ. ಜೆಆರ್‌ಸಿ 4558ಡಿ ಎಂಬ ಎಂಟು ಕಾಲಿನ ಕರಿ ಐಸಿ ಇದ್ದರೆ ಮಾತ್ರ ಅಸಲಿ ದನಿ ಎನ್ನುವವರು ಹಳೆಯ ತಾರೀಖಿನ ಐಸಿಗಳನ್ನು ಹುಡುಕಿ ಕೊಳ್ಳುತ್ತಾರೆ. ನಮ್ಮ ಕಡೆ ಟಿ.ವಿ. ರಿಪೇರಿ ಅಂಗಡಿಯವರಿಗೆ ಈ 4558 ಹಳೇ ಪರಿಚಯ. ಡೆಕ್ಕು, ಹೋಮ್ ಥಿಯೇಟರು ಅಂತ ಅಸೆಂಬಲ್ ಮಾಡಿ ಕೊಡುವ ಆಂಪ್ಲಿಫೈಯರ್‌ಗಳ ಬಾಸ್-ಟ್ರೆಬಲ್ ಬೋರ್ಡಿನ ಮೇಲೆ ಕೂರುವುದು ಇದೇ ಐಸಿ. ವಾಡಿಯ ಅಂಗಡಿಯಲ್ಲಿ ಕೆಟ್ಟು ಬಿದ್ದ ಬೋರ್ಡಿನಿಂದ ಕಿತ್ತು ಡಬ್ಬಿಗೆ ಎಸೆದದ್ದೂ, ಲಾಸ್ ಏಂಜಲೀಸಿನಲ್ಲಿ ಹತ್ತಿಯಲ್ಲಿಟ್ಟು ಕಾಪಾಡಿದ್ದೂ ಒಂದೇ ಕುಲದವು.

ಹಾಗಾದರೆ ಟ್ಯೂಬ್ ಸ್ಕ್ರೀಮರ್ ಇಷ್ಟು ಹೆಸರು ಮಾಡಿದ್ದು ಸುಳ್ಳೇ? ಅಲ್ಲ. ಅದರ ಗುಟ್ಟು ಚಿಪ್ಪಿನಲ್ಲಿಲ್ಲ, ಅದರ ಸುತ್ತ ಇರುವ ಒಂದು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರ್‌ನಲ್ಲಿದೆ. ಅವೆರಡೂ ಸೇರಿ ಸುಮಾರು 720 ಹರ್ಟ್ಜ್‌ಗಿಂತ ಕೆಳಗಿನ ಸ್ವರಗಳು ಹಿಗ್ಗದಂತೆ ತಡೆಯುತ್ತವೆ. ಮೇಲಿನ ಚೂಪನ್ನು ಮುಂದೆ ಇನ್ನೊಂದು ಫಿಲ್ಟರ್ ಸವರಿ ಹಾಕುತ್ತದೆ. ಉಳಿಯುವುದು ನಡು. ಡ್ರಮ್ಮು, ಬೇಸು, ಕೀಬೋರ್ಡುಗಳ ಸಂತೆಯಲ್ಲಿ ಗಿಟಾರು ಎದ್ದು ಕೇಳುವುದು ಹೀಗೆ. ಜಾತ್ರೆಯ ಹಾರ್ನು ಮಾಡುವುದೂ ಇದನ್ನೇ. ಒಂದರಲ್ಲಿ ಅದು ತಗಡಿನ ಆಕಾರದ ಮಿತಿ, ಇನ್ನೊಂದರಲ್ಲಿ ಜಪಾನಿ ಎಂಜಿನಿಯರ್‌ನ ಲೆಕ್ಕಾಚಾರ, ಅಷ್ಟೇ ಫರಕು. ಹೆವಿ ಮೆಟಲ್ ನುಡಿಸುವವರು ಡ್ರೈವ್ ತಿರುಗಣೆಯನ್ನು ಸೊನ್ನೆಗೆ ಇಳಿಸಿ, ಲೆವೆಲ್ ಮಾತ್ರ ಏರಿಸಿ, ಮೊದಲೇ ಗುಡುಗುವ ಆಂಪ್ಲಿಫೈಯರ್ ಮುಂದೆ ಇದನ್ನು ಇಡುತ್ತಾರೆ. ಅವರಿಗೆ ಬೇಕಾದದ್ದು ಕತ್ತರಿಯಲ್ಲ, ಆ ಜರಡಿ.

ಆವೃತ್ತಿ ಹೋಲಿಸುವವರು ಬೀಳುವ ದೊಡ್ಡ ಹಳ್ಳ ಒಂದಿದೆ. ಎರಡು ಪೆಡಲ್ ಇಟ್ಟುಕೊಂಡು ಇದನ್ನೊಮ್ಮೆ ಅದನ್ನೊಮ್ಮೆ ಒತ್ತುತ್ತಾರೆ. ಒಂದರ ದನಿ ಕೂದಲೆಳೆಯಷ್ಟು ಜೋರಿದ್ದರೂ ಸಾಕು, ಕಿವಿ ಅದನ್ನು ‘ಜೋರು’ ಎನ್ನುವುದಿಲ್ಲ, ‘ತುಂಬಿಕೊಂಡಿದೆ’, ‘ಬೆಚ್ಚಗಿದೆ’, ‘ಜೀವ ಇದೆ’ ಎನ್ನುತ್ತದೆ. ಅದಕ್ಕೇ ಗಂಭೀರವಾಗಿ ಹೋಲಿಸುವವರು ಮೊದಲು ಮೀಟರ್ ಹಿಡಿದು ಎರಡರ ಮಟ್ಟ ಸಮ ಮಾಡುತ್ತಾರೆ, ಆಮೇಲೆ ಯಾವುದು ಯಾವುದೆಂದು ಕೇಳುವವನಿಗೆ ಹೇಳದೆ ನುಡಿಸುತ್ತಾರೆ. ತಿರುಗಣೆಗಳನ್ನು ಎರಡರಲ್ಲೂ ಒಂದೇ ಅಂಕಿಗೆ ಇಟ್ಟರೆ ಹೋಲಿಕೆ ಸರಿಯಾಯಿತೆಂದುಕೊಳ್ಳುವುದೂ ಭ್ರಮೆ. ಆ 20%ರ ಹೆಚ್ಚೂಕಡಿಮೆ ಅಲ್ಲೇ ಕೂತಿರುತ್ತದೆ.

ಅಮೆರಿಕದ ಕಲಮಜೂ ಊರಿನ ಪ್ರೊಕೋ ಕಂಪನಿಯ ‘ರ‍್ಯಾಟ್’ ಇನ್ನೊಂದು ಬಗೆಯ ಪ್ರಾಣಿ. ಸ್ಕಾಟ್ ಬರ್ನ್‌ಹ್ಯಾಮ್ 1978ರಲ್ಲಿ ರೂಪಿಸಿದ್ದು. ಟ್ಯೂಬ್ ಸ್ಕ್ರೀಮರ್ ಅಲೆಯ ತಲೆಯನ್ನು ದುಂಡಗೆ ಸವರಿದರೆ ರ‍್ಯಾಟ್ ಸಪಾಟಾಗಿ ಕಡಿಯುತ್ತದೆ. ಅದರ ಹಿಗ್ಗುವಿಕೆ ಗರಿಷ್ಠ 67 ಡೆಸಿಬಲ್, ಅಂದರೆ ಎರಡು ಸಾವಿರ ಪಟ್ಟಿಗೂ ಮೇಲೆ. ಅದರ ‘ಫಿಲ್ಟರ್’ ತಿರುಗಣೆ ಉಲ್ಟಾ: ಬಲಕ್ಕೆ ತಿರುಗಿಸಿದಷ್ಟೂ ದನಿ ಮಬ್ಬಾಗುತ್ತದೆ. ಮೊದಲ ಸಲ ಕೈಹಾಕಿದವರು ಪೆಡಲ್ಲೇ ಕೆಟ್ಟಿದೆ ಎಂದುಕೊಳ್ಳುವುದುಂಟು. ಇಲ್ಲೂ ಜಗಳ ಒಂದು ಐಸಿಯ ಮೇಲೆ. ಹಳೆಯ ರ‍್ಯಾಟ್‌ಗಳಲ್ಲಿ ಇದ್ದದ್ದು ಎಲ್‌ಎಂ308. ಅದು ಸಿಗುವುದು ಕಷ್ಟವಾದಾಗ 2000ದ ದಶಕದ ಆರಂಭದಲ್ಲಿ ಕಂಪನಿ ಓಪಿ07ಕ್ಕೆ ಬದಲಾಯಿಸಿತು. ಹಳೆಯ ಐಸಿ ನಿಧಾನದ್ದು, ಅದರ ಆ ನಿಧಾನದಿಂದಲೇ ದನಿಯ ಚೂಪು ಸವೆಯುತ್ತದೆ ಎಂಬುದು ಅಭಿಮಾನಿಗಳ ವಾದ. ವಾದದಲ್ಲಿ ಹುರುಳಿದೆ. ಒಂದು ಮೈಕ್ರೋಸೆಕೆಂಡಿಗೆ ಬರೀ 0.3 ವೋಲ್ಟು ಏರುವಷ್ಟೇ ಅದರ ಓಟ. ಆದರೆ ಹೊಸ ಓಪಿ07ರ ಓಟವೂ ಸರಿಸುಮಾರು ಅಷ್ಟೇ. ಕಂಪನಿಯವರು ಹುಡುಕಿಯೇ ಇಟ್ಟದ್ದು.

ಟರ್ಬೋ ರ‍್ಯಾಟ್‌ನಲ್ಲಿ ಸಿಲಿಕಾನ್ ಡಯೋಡಿನ ಜಾಗಕ್ಕೆ ಎಲ್‌ಇಡಿ ಕೂರಿಸಿದ್ದಾರೆ. ಅದು ಕತ್ತರಿ ಹಾಕುವುದು ಹೆಚ್ಚಿನ ವೋಲ್ಟಿಗೆ, ಹಾಗಾಗಿ ದನಿ ಇನ್ನೂ ಬಿಚ್ಚಿಕೊಳ್ಳುತ್ತದೆ, ಇನ್ನೂ ಜೋರಾಗುತ್ತದೆ. ಈ ವ್ಯತ್ಯಾಸ ಯಾರ ಕಿವಿಗೂ ಕೇಳುತ್ತದೆ. ಕುತೂಹಲದ ಸಂಗತಿಯೆಂದರೆ, ಖರೇನ ಕೇಳುವ ಇಂಥ ಫರಕಿಗೆ ಯಾರೂ ಹೆಚ್ಚು ದುಡ್ಡು ಕೊಡುವುದಿಲ್ಲ. ದುಡ್ಡು ಹೋಗುವುದು ಕೇಳಿಯೂ ಕೇಳದ ಫರಕಿಗೆ.

ದುಡ್ಡಿನ ಮಾತು ಬಂದರೆ ಕ್ಲಾನ್ ಸೆಂಟಾರ್ ಬಿಟ್ಟು ಮುಂದೆ ಹೋಗುವಂತಿಲ್ಲ. ಬಿಲ್ ಫಿನೆಗನ್ ಎಂಬಾತ ಬಾಸ್ಟನ್ ಸೀಮೆಯಲ್ಲಿ 1994ರ ಕೊನೆಗೆ ಇದನ್ನು ಮಾರಲು ಶುರುಮಾಡಿದರು. ಹೆಚ್ಚುಕಡಿಮೆ ಹದಿನಾಲ್ಕು ವರ್ಷಗಳಲ್ಲಿ ಸುಮಾರು 8,000 ಪೆಡಲ್ ಕೈಯಿಂದಲೇ ಜೋಡಿಸಿದರು. ಚಿನ್ನದ ಬಣ್ಣದ್ದು, ಬೆಳ್ಳಿ ಬಣ್ಣದ್ದು, ಮೇಲೆ ಕುದುರೆ-ಮನುಷ್ಯನ ಚಿತ್ರ ಇರುವುದು, ಇಲ್ಲದ್ದು ಎಂದು ರೂಪಗಳು. ಸರ್ಕಿಟ್ ಯಾರೂ ಕದಿಯದಿರಲೆಂದು ಮೇಲೆ ಕರಿ ಎಪಾಕ್ಸಿ ಸುರಿದು ಮುಚ್ಚಿದ್ದರು. ಮುಚ್ಚಿದ್ದಕ್ಕೇ ಕುತೂಹಲ ಹೆಚ್ಚಿತೆನ್ನಬೇಕು. ಕೊನೆಗೆ ಅಂಟು ಕೆರೆದು ತೆಗೆದು ಒಳಗಿನದನ್ನೆಲ್ಲ ಬರೆದುಕೊಂಡವರು ಹುಟ್ಟಿದರು. ಒಳಗೆ ಮಾಯೆ ಇರಲಿಲ್ಲ, ಜಾಣತನ ಇತ್ತು. 9 ವೋಲ್ಟನ್ನು ಒಳಗೇ ಏರಿಸಿಕೊಂಡು ಅಲೆಗೆ ಹೆಚ್ಚು ಜಾಗ ಮಾಡಿಕೊಡುವ ಐಸಿ, ಎರಡು ಜರ್ಮೇನಿಯಂ ಡಯೋಡು, ಮತ್ತು ಒಂದೇ ಕಡ್ಡಿಗೆ ಪೋಣಿಸಿದ ಎರಡು ಪೊಟೆನ್ಷಿಯೋಮೀಟರು. ಈ ಜೋಡಿ ತಿರುಗಣೆ ಕತ್ತರಿಸಿದ ದನಿಯನ್ನು ಏರಿಸುತ್ತಾ ಕತ್ತರಿಸದ ಸಾಧು ದನಿಯನ್ನೂ ಹದವಾಗಿ ಬೆರೆಸುತ್ತದೆ. ಪೆಡಲ್ಲಿನ ವೈಶಿಷ್ಟ್ಯ ಅಲ್ಲಿದೆ. ಡಬ್ಬಿಯ ಬಣ್ಣದಲ್ಲಂತೂ ಇಲ್ಲ.

ಆದರೂ ಹಳೆಯ ಚಿನ್ನದ ಸೆಂಟಾರ್ ಇವತ್ತು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ 5,000 ಡಾಲರ್ ಮೀರುತ್ತದೆ. ನಮ್ಮ ಲೆಕ್ಕದಲ್ಲಿ ನಾಲ್ಕು ಲಕ್ಷ ರೂಪಾಯಿಗೂ ಮಿಗಿಲು. ಚಿತ್ರವಿದ್ದದ್ದಕ್ಕೆ ಒಂದು ಬೆಲೆ, ಇಲ್ಲದ್ದಕ್ಕೆ ಇನ್ನೊಂದು. ಫಿನೆಗನ್ ಮುಂದೆ ಅದೇ ಸರ್ಕಿಟ್ಟನ್ನು ಕಿರಿದು ಮಾಡಿ, ಯಂತ್ರದಿಂದ ಜೋಡಿಸಿ, ಕೆಟಿಆರ್ ಎಂಬ ಕೆಂಪು ಡಬ್ಬಿಯಲ್ಲಿ ತಂದರು. ಈ ಅತಿರೇಕದ ಗುಣಗಾನಕ್ಕೆ ತಾನು ಕಾರಣನಲ್ಲ ಎಂಬರ್ಥದ ಸಾಲೊಂದನ್ನು ಅದರ ಮೈಮೇಲೆಯೇ ಅಚ್ಚು ಹಾಕಿಸಿದರು. ಅಗ್ಗದ ನಕಲುಗಳಂತೂ ಲೆಕ್ಕಕ್ಕಿಲ್ಲ. 2024ರಲ್ಲಿ ಬೆರಿಂಜರ್ ಕಂಪನಿಯ ಮೇಲೆ ಫಿನೆಗನ್ ಕೋರ್ಟ್ ಮೆಟ್ಟಿಲೇರಿದ್ದೂ ಉಂಟು. ಅಲ್ಲಿಯೂ ತಕರಾರು ಇದ್ದದ್ದು ಸರ್ಕಿಟ್ಟಿನ ಮೇಲಲ್ಲ, ಹೆಸರು ಮತ್ತು ರೂಪದ ಮೇಲೆ.

ಇಷ್ಟೆಲ್ಲ ಹೇಳಿದ ಮೇಲೆ, ಎರಡು ರೆಸಿಸ್ಟರ್‌ಗಾಗಿ ಜೀವ ಬಿಡುವ ಈ ಜನರನ್ನು ನೋಡಿ ನಗುವ ಹಕ್ಕು ನಮ್ಮ ಸೀಮೆಯವರಿಗಿದೆಯೇ? ಖಂಡಿತ ಇಲ್ಲ. ತಂಬೂರಿಯ ಜವಾರಿ ಕೂಡಿಸುವುದನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು. ತಂಬೂರಿಯ ಕುದುರೆ ಚೂಪಾಗಿರುವುದಿಲ್ಲ, ಅಗಲವಾಗಿ, ತುಸು ಉಬ್ಬಿಕೊಂಡಿರುತ್ತದೆ. ತಂತಿಗೂ ಕುದುರೆಗೂ ನಡುವೆ ಒಂದು ಹತ್ತಿಯ ನೂಲಿನೆಳೆ ತೂರಿಸುತ್ತಾರೆ. ಅದನ್ನು ಬೆರಳ ತುದಿಯಿಂದ ಹಿಂದೆ ಮುಂದೆ ಜರುಗಿಸುತ್ತಾ ತಂತಿ ಮೀಟುತ್ತಾರೆ. ಮೊದಲು ಬರೀ ಠಣ್. ಕೂದಲೆಳೆ ಜರುಗಿತು, ಠಣ್ ಹೋಗಿ ಜುಮ್ಮೆನ್ನುವ ಝೇಂಕಾರ. ಇನ್ನೊಂದು ಕೂದಲೆಳೆ ಜರುಗಿತು, ಝೇಂಕಾರ ಹರಿದು ಕರ್ಕಶವಾಯಿತು. ಮಿಲಿಮೀಟರಿನ ಲೆಕ್ಕಕ್ಕೂ ಸಿಗದ ಜಾಗದಲ್ಲಿ ಸ್ವರ ಕೂತಿರುತ್ತದೆ. ತಂಬೂರಿ, ಸಿತಾರುಗಳಿಗೆ ಹೆಸರಾದ ಮಿರಜಿನಲ್ಲಿ (ಅಲ್ಲಿನ ಈ ಎರಡು ವಾದ್ಯಗಳಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ) ಕುದುರೆಯ ಮೈಯನ್ನು ಅರದಿಂದ ಉಜ್ಜಿ ಜವಾರಿ ತೆಗೆಯುವುದೇ ತಲೆಮಾರುಗಳ ಕಸುಬು.

ಭೌತವಿಜ್ಞಾನದ ಕಣ್ಣಿಗೆ ಇದೂ ಡಿಸ್ಟಾರ್ಷನ್ನೇ. ಸಿ.ವಿ. ರಾಮನ್ 1921ರಲ್ಲಿ, ಇನ್ನೂ ಕಲ್ಕತ್ತೆಯಲ್ಲಿದ್ದಾಗ, ಭಾರತದ ತಂತಿವಾದ್ಯಗಳ ಮೇಲೊಂದು ಪ್ರಬಂಧ ಬರೆದರು. ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ ಆ ಬಿಂದುವಿನಲ್ಲಿ ಅಲುಗದೆ ನಿಲ್ಲುವ ಮೇಲಿನ ಸ್ವರಗಳು ಹುಟ್ಟಬಾರದು ಎಂಬುದು ಯುರೋಪಿನ ನಿಯಮ. ತಂಬೂರಿಯಲ್ಲಿ ಅವು ಜೋರಾಗಿಯೇ ಹುಟ್ಟುತ್ತವೆ ಎಂದು ರಾಮನ್ ತೋರಿಸಿದರು. ಅಲುಗುವ ತಂತಿ ಕುದುರೆಯ ಉಬ್ಬನ್ನು ಸವರುತ್ತಾ ಹೋಗುವುದೇ ಕಾರಣ. ಪೆಡಲ್ಲಿನಲ್ಲಿ ಡಯೋಡು ಮಾಡುವ ಕೆಲಸವನ್ನು ತಂಬೂರಿಯಲ್ಲಿ ಒಂದು ತುಂಡು ಮೂಳೆಯೋ ಮರವೋ ಮಾಡುತ್ತದೆ. ಸ್ವಚ್ಛ ಸ್ವರಕ್ಕೆ ಇಲ್ಲದ ಸ್ವರ ಸೇರಿಸಿ ಅದನ್ನು ದಟ್ಟ ಮಾಡುವುದು ಎರಡರ ಗುರಿಯೂ. ಫರಕು ಎಲ್ಲಿದೆಯೆಂದರೆ, ಜವಾರಿಯ ಸೂಕ್ಷ್ಮವನ್ನು ಪ್ರತಿ ಕಛೇರಿಗೂ ಮೊದಲು ಕೈಯಿಂದಲೇ ಹುಡುಕಿಕೊಳ್ಳಬೇಕು. 1979ರ ನೂಲಿನೆಳೆ ಎಂದು ಹೇಳಿ ಅದನ್ನು ಯಾರಿಗೂ ಮಾರಲಾಗದು.

ಕರ್ನಾಟಕದ ಗಿಟಾರ್ ಗುಡುಗೆಲ್ಲ ಬೆಂಗಳೂರಿನದೇ ಎಂಬುದು ವಾಡಿಕೆಯ ಮಾತು. ಅದಕ್ಕೆ ಕಾರಣಗಳೂ ಇವೆ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿ ಹೋದವು. ಅಲ್ಲಿನದೇ ಆದ ಕ್ರಿಪ್ಟೋಸ್ ತಂಡ ಜರ್ಮನಿಯ ವಾಕನ್ ಉತ್ಸವದವರೆಗೆ ಹೋಗಿ ಬಂದಿದೆ. ನಮ್ಮ ಶಹಾಬಾದ್, ವಾಡಿ, ಸೇಡಂ ಕಡೆಯಾದರೋ ಗಿಟಾರು ಕಾಣುವುದು ಚರ್ಚಿನ ಗಾಯನ ತಂಡದಲ್ಲಿ, ರಸಮಂಜರಿಯವರ ವೇದಿಕೆಯಲ್ಲಿ, ಇತ್ತೀಚೆಗೆ ಕಾಲೇಜು ಹುಡುಗರ ಹೆಗಲಲ್ಲಿ. ಬೊಟಿಕ್ ಪೆಡಲ್ ಮಾರುವ ಅಂಗಡಿ ಈ ಊರುಗಳಲ್ಲಿ ಹುಡುಕಿದರೂ ಸಿಗದು.

ಆದರೆ ಪೆಡಲ್ ಮಾಡುವ ಸಾಮಾನು? ಅದಕ್ಕೆ ಈ ಸೀಮೆ ಬೆಂಗಳೂರಿನ ಕಡೆ ನೋಡಬೇಕಾಗಿಲ್ಲ. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ಹಳಿ ಇವತ್ತಿಗೂ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಮೇಲೆಯೇ ತಾಂಡೂರು ದಾಟಿ ಹೋಗುತ್ತದೆ. ಬೆಂಗಳೂರಿಗೆ ಒಂದು ರಾತ್ರಿಯ ಪಯಣವಾದರೆ ಹೈದರಾಬಾದು ಮೂರ್ನಾಲ್ಕು ತಾಸು. ರೈಲೇ ಇಲ್ಲದ ಚಿಂಚೋಳಿಯವರು ಬಸ್ಸಿನಲ್ಲಿ ತಾಂಡೂರಿಗೆ ಬಂದು ಅದೇ ಗಾಡಿ ಹತ್ತಬಹುದು. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಡಯೋಡು, ಪೊಟೆನ್ಷಿಯೋಮೀಟರು, 4558 ಐಸಿ, ಡಬ್ಬಿ, ಜ್ಯಾಕು ಎಲ್ಲವೂ ಬಿಡಿಬಿಡಿಯಾಗಿ, ಎಣಿಸಿ ಕೊಡುವಷ್ಟು ಅಗ್ಗಕ್ಕೆ ಸಿಗುತ್ತವೆ. ಟ್ಯೂಬ್ ಸ್ಕ್ರೀಮರ್‌ನ ಸರ್ಕಿಟ್ ಗುಟ್ಟಿನದೇನಲ್ಲ, ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದಿದವರು ಒಂದು ಭಾನುವಾರದಲ್ಲಿ ಸೋಲ್ಡರ್ ಮಾಡಿ ಮುಗಿಸಬಹುದು. ಆ ಎರಡು ರೆಸಿಸ್ಟರ್‌ಗಳ ಜಾಗಕ್ಕೆ ಒಂದು ಪುಟ್ಟ ಸ್ವಿಚ್ ಹಾಕಿದರೆ 808, ಟಿಎಸ್-9 ಎರಡೂ ಒಂದೇ ಡಬ್ಬಿಯಲ್ಲಿ. ಗೆಳೆಯನ ಕಣ್ಣಿಗೆ ಬಟ್ಟೆ ಕಟ್ಟಿ ಸ್ವಿಚ್ ಒತ್ತಿ ಕೇಳಿದರೆ ದಶಕಗಳ ಜಗಳ ಮನೆಯಲ್ಲೇ ತೀರ್ಮಾನ. ಮಾಡುವ ಉಸಾಬರಿ ಬೇಡ ಎನ್ನುವವರಿಗೆ ಬಾಸ್ ಕಂಪನಿಯ ಕಿತ್ತಳೆ ಬಣ್ಣದ ಡಿಎಸ್-1 ಇದೆ, 1978ರಿಂದ ಬರುತ್ತಿರುವುದು. ಅದರೊಳಗೂ ತೋಷಿಬಾ ಐಸಿ ಹೋಗಿ 1994ರಲ್ಲಿ ರೋಮ್ ಕಂಪನಿಯದು, 2000ದಲ್ಲಿ ಮಿತ್ಸುಬಿಷಿಯದು ಬಂತು. ಹಳೆಯ ಜಪಾನಿ ಡಿಎಸ್-1ಗೆ ದುಪ್ಪಟ್ಟು ಕೊಡುವವರಿದ್ದಾರೆ. ಹೊಸತೇ ಸಾಕು.

ಈ ಸೀಮೆಯಲ್ಲಿ ಡಿಸ್ಟಾರ್ಷನ್ ಪೆಡಲ್ ಹಾಕುವವರು ಆವೃತ್ತಿಗಿಂತ ಮೊದಲು ಎದುರಿಸಬೇಕಾದ ಸಂಗತಿ ಬೇರೆಯೇ ಇದೆ, ಅದು ನೆಲದಡಿಯದು. ಶಹಾಬಾದಿನ ಪರ್ಸಿ ಕಲ್ಲು ಇಡೀ ದೇಶದ ಅಂಗಳಕ್ಕೆ ಹಾಸಿದೆ, ವಾಡಿ–ಸೇಡಂನ ಸಿಮೆಂಟು ಕಾರ್ಖಾನೆಗಳು ನಿಂತಿರುವುದೂ ಅದೇ ಸುಣ್ಣಕಲ್ಲಿನ ಮೇಲೆ. ಅನೇಕ ಕಡೆ ಗುದ್ದಲಿ ಎರಡು ಸಲ ಬಿದ್ದರೆ ಬಂಡೆ. ಬಂಡೆಯಲ್ಲಿ ವಿದ್ಯುತ್ತು ಹರಿಯುವುದು ಕಷ್ಟ, ಹಾಗಾಗಿ ಅರ್ಥಿಂಗ್ ಸರಿಯಾಗಿ ಕೂಡುವುದಿಲ್ಲ. ಅರ್ಥಿಂಗ್ ಕೂಡದ ವೇದಿಕೆಯಲ್ಲಿ 50 ಹರ್ಟ್ಜ್‌ನ ಗುಂಯ್ ಗಿಟಾರಿನೊಳಗೆ ನುಗ್ಗುತ್ತದೆ, ಸ್ವರವನ್ನು ಎರಡು ಸಾವಿರ ಪಟ್ಟು ಹಿಗ್ಗಿಸುವ ರ‍್ಯಾಟ್ ಆ ಗುಂಯ್‌ಯನ್ನೂ ಅಷ್ಟೇ ಹಿಗ್ಗಿಸುತ್ತದೆ. ಅದನ್ನು ನಿಲ್ಲಿಸಲು ಪ್ಲಗ್ಗಿನ ಮೂರನೇ ಪಿನ್ನು ಮುರಿದು ಹಾಕುವ ಚಟ ಕೆಲವು ಮೈಕಿನವರಿಗಿದೆ. ಗುಂಯ್ ಕೆಲವೊಮ್ಮೆ ನಿಂತೂ ನಿಲ್ಲುತ್ತದೆ. ಆದರೆ ಆಂಪ್ಲಿಫೈಯರ್‌ನೊಳಗೆ ಏನಾದರೂ ಸೋರಿದರೆ ಆ ವಿದ್ಯುತ್ತು ಇಳಿಯುವುದು ಗಿಟಾರಿನ ತಂತಿ ಹಿಡಿದ ಕೈಗೆ, ಆ ಕೈಯವನ ತುಟಿ ಮೈಕಿಗೆ ತಗುಲಿದರೆ ದಾರಿ ಪೂರ್ತಿ. ಊರ ಹಳೆಯ ಲೈನ್‌ಮನ್ನುಗಳು ಮಾಡುವುದು ಬೇರೆ: ಆಳದ ಗುಂಡಿ ತೋಡಿಸಿ, ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ, ಬೇಸಿಗೆಯಿಡೀ ನೀರು ಹಾಕುತ್ತಾರೆ. ಜಾತ್ರೆಯ ವೇದಿಕೆ ಏರುವ ಗಿಟಾರಿನವನು ಪೆಡಲ್ಲಿನ ತಿರುಗಣೆ ಮುಟ್ಟುವ ಮೊದಲು ಕಮಿಟಿಯವರನ್ನು ಕೇಳಿಕೊಳ್ಳಬೇಕಾದದ್ದು, ಆ ಗುಂಡಿಗೆ ಕೊನೇ ಸಲ ನೀರು ಬಿದ್ದದ್ದು ಯಾವಾಗ ಎಂದು.